ನಾನು ತಿದ್ದಿದ ಎರಡು ತಂತಿ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ವಯಸ್ಕರ ಶಾಲೆಯಲ್ಲಿ ಕಲಿತ ಕನ್ನಡದ ಜೊತೆಗೆ ಇಂಗ್ಲಿಷಿನ ಹತ್ತು ಹನ್ನೆರಡು ಅಕ್ಷರಗಳ ಒಡತಿ ನಾನು. ಒಂದು ಮನೆ ಕೆಡಲು ಅಷ್ಟು ಸಾಕು!

ಸೊಸೆ ಗಿರಿಜಾ ಭತ್ತದ ತೇವ ಅಳೆಯುವ ಸಣ್ಣದೊಂದು ಬೋರ್ಡು ಮಾಡಿದ್ದಳು. ಅಕ್ಕಿಆಲೂರಿನ ಮಿಲ್ಲಿನ ಸಾವ್ಕಾರರು ನೋಡಲು ಬರುವವರಿದ್ದರು. ಮೆಚ್ಚಿದರೆ ಅವರೇ ಅವಳ ಮೊದಲ ಗಿರಾಕಿ. ಬೋರ್ಡು ಅಳೆಯುತ್ತಿತ್ತು. ಅಳೆದದ್ದನ್ನು ಲ್ಯಾಪ್‌ಟಾಪಿಗೆ ಹೇಳುತ್ತಿರಲಿಲ್ಲ.

"ಪ್ರಿಂಟ್‌ಎಫ್ ಅಂತ ಬರದ್ರ ಸಾಕು, ಪರದೆ ಮ್ಯಾಲೆ ಅಕ್ಷರ ಬರ್ತಾವ ಅಂತಿದ್ದೆಲ್ಲ?" ಎಂದೆ.

"ಲ್ಯಾಪ್‌ಟಾಪಿನಾಗ ಸಾಕ್ರಿ ಅತ್ತಿ. ಅಲ್ಲಿ ಅಕ್ಷರ ಹೊತ್ತು ಒಯ್ಯಾಕ ಆಳು ಅದಾರ. ಈ ಬೋರ್ಡಿನಾಗ ಯಾರೂ ಇಲ್ಲ. ಒಂದೊಂದ ಅಕ್ಷರ ತಂತಿಗೆ ಹಾಕೋ ಕೆಲಸಾನೂ ನಾನ ಬರೀಬೇಕು."

ಮೂರು ದಿನ ಬರೆದಳು. ಸಾವ್ಕಾರರು ಬರುವ ದಿನ ಬೆಳಗ್ಗೆ, "ಮುಗೀತ್ರಿ, ಜಳಕಾ ಮಾಡಿ ಬಂದು ಚಾಲೂ ಮಾಡ್ತೇನಿ" ಎಂದು ಎದ್ದು ಹೋದಳು.

ವಿಭೂತಿ ಹಚ್ಚದೆ ನಮ್ಮ ಮನೆಯಲ್ಲಿ ಹೊಸ ಹಾರೆಯನ್ನೂ ನೆಲಕ್ಕೆ ಇಳಿಸುವುದಿಲ್ಲ. ಕರೆಂಟಿನ ವಸ್ತುವಿಗೆ ಒದ್ದೆ ಬೆರಳು ತಾಗಬಾರದೆಂಬ ಬುದ್ಧಿ ನನಗಿತ್ತು. ಒಣ ವಿಭೂತಿಯನ್ನೇ ಬೋರ್ಡು ಕೂಡಿಸಿದ್ದ ಡಬ್ಬಿಗೆ ಎಳೆಯಲು ಹೋದೆ. ಎರಡು ತಂತಿ ಅಡ್ಡ ಬಂದವು. ಕೀಳುವಾಗ ನೋಡಿದೆ. ಬೋರ್ಡಿನ ಮೇಲೆ ಟಿ, ಆರ್. ಲ್ಯಾಪ್‌ಟಾಪಿನ ಕೇಬಲ್ಲಿನ ಮೇಲೂ ಟಿ, ಆರ್. ಹುಡುಗಿ ತಂತಿಯನ್ನು ಟಿಯಿಂದ ಆರ್‌ಗೆ, ಆರ್‌ನಿಂದ ಟಿಗೆ ಕೊಟ್ಟಿದ್ದಳು!

ಇಂಜಿನಿಯರಿಂಗ್ ಓದಿದವಳು! ಅವಳ ಮರ್ಯಾದೆ ಹೋಗಬಾರದೆಂದು ಬಾಯಿ ಬಿಡದೆ ತಿದ್ದಿದೆ. ಟಿಗೆ ಟಿ, ಆರ್‌ಗೆ ಆರ್.

ಚಾಲೂ ಮಾಡಿದಳು. ಪರದೆ ಖಾಲಿ.

ಬರೆದದ್ದನ್ನು ಅಳಿಸಿ ಮತ್ತೆ ಬರೆದಳು. ಖಾಲಿ. ಮಧ್ಯಾಹ್ನದ ಊಟ ಬಿಟ್ಟಳು. "ನನಗ ಈ ಕೆಲಸ ಬರೂದಿಲ್ರಿ ಅತ್ತಿ" ಎಂದು ತಲೆ ಹಿಡಿದು ಕುಳಿತಳು.

ನಾನು ದೊಡ್ಡ ಮನಸ್ಸು ಮಾಡಿದೆ. "ತಪ್ಪು ಎಲ್ಲಾರೂ ಮಾಡ್ತಾರ ತಗೋ. ಹಿರ್ಯಾರು ಸುಮ್ನ ತಿದ್ದಿರ್ತಾರ."

ನಾಲ್ಕಕ್ಕೆ ಸಾವ್ಕಾರರು ಬಂದರು. ಖಾಲಿ ಪರದೆ ನೋಡುತ್ತಾ ಚಹಾ ಕುಡಿದರು. "ನಮ್ಮ ಹಮಾಲ ಭತ್ತ ಹಲ್ಲಾಗ ಕಡದು ತೇವ ಹೇಳ್ತಾನ್ರಿ. ಅವ ಬಾಯಿನಾದ್ರೂ ಬಿಡ್ತಾನ" ಎಂದು ಹೊರಟು ಹೋದರು.

ಬೋರ್ಡು ಎತ್ತಿಡಲು ಹೋದ ಗಿರಿಜಾ ಹಾಗೇ ನಿಂತಳು. "ಈ ತಂತಿ ಯಾರ ಮುಟ್ಯಾರ್ರಿ?"

"ನೀ ತಪ್ಪಿದ್ದಿ. ನಾ ತಿದ್ದೇನಿ."

"ಅತ್ತಿ! ಟಿ ಅಂದ್ರ ಬಾಯಿ, ಆರ್ ಅಂದ್ರ ಕಿವಿರಿ. ಇದರ ಬಾಯಿ ಅದರ ಕಿವಿಗೆ ಹೋಗಬೇಕು. ನೀವು ಬಾಯಿಗೆ ಬಾಯಿ ಕಟ್ಟೀರಲ್ರಿ!"

ತಂತಿ ಬದಲಿಸಿದಳು. ಪರದೆಯ ಮೇಲೆ ತೇವದ ಲೆಕ್ಕ ಸಾಲು ಸಾಲಾಗಿ ಇಳಿಯಿತು. ಬೋರ್ಡು ಬೆಳಗಿನಿಂದ ಹೇಳುತ್ತಲೇ ಇತ್ತಂತೆ. ಕೇಳುವ ಕಿವಿ ಇರಲಿಲ್ಲ. ಗಿರಿಜಾ ಬೋರ್ಡನ್ನು ಒಯ್ದು ನನ್ನ ಕೈಗೆ ಎಟುಕದ ಕಪಾಟಿನ ಮೇಲೆ ಇಟ್ಟಳು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅಕ್ಕಿಆಲೂರಿಗೆ ಹೋಗಿ, ಮಿಲ್ಲಿನ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತೆ. ಸಾವ್ಕಾರರು ಬಂದರು.

"ಏನ್ರಿ ಅವ್ವಾರ, ಯಂತ್ರ ರಿಪೇರಿ ಆತೇನು?"

"ಯಂತ್ರ ಕೆಟ್ಟೇ ಇರಲಿಲ್ರಿ. ಕೆಡಿಸಿದಾಕಿ ನಾನು. ನಾಲ್ಕಕ್ಕ ಮತ್ತ ಬರ್ರಿ. ನಾ ಮನ್ಯಾಗ ಇರೂದಿಲ್ಲ" ಎಂದೆ.