ಸೀಲ್ ಮುಟ್ಟದ ನನ್ನ ನಲವತ್ತು ವರ್ಷ

ಈ ಸಲ ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ, ಬೇಕಾದರೆ ನನ್ನ ಸ್ಕ್ರೂಡ್ರೈವರ್ ಮುಟ್ಟಿ ಹೇಳ್ತೇನೆ. ಕಾಪುವಿನಲ್ಲಿ ನಲವತ್ತು ವರ್ಷ ಫ್ರಿಡ್ಜ್, ವಾಷಿಂಗ್ ಮೆಷಿನ್ ರಿಪೇರಿ ಮಾಡಿದವನು ನಾನು. ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರ್ತವೆ.

ಬೀಚಿನ ಹತ್ರ ಐಸ್‌ಕ್ರೀಮ್ ಅಂಗಡಿ ಇಟ್ಟ ನೆರೆಮನೆಯವಳ ಫ್ರೀಜರ್ ಉಂಟಲ್ಲ, ಮೊನ್ನೆ ಅದರ ತಂಪು ಸ್ವಲ್ಪ ಕಡಿಮೆಯಾಯ್ತು. ನಿನ್ನೆ ನಾನು ಹೋಗಿ ನೋಡಿ ಬಂದೆ. ಇವತ್ತು ಪೂರ್ತಿ ನಿಂತಿತು. ಫ್ರೀಜರ್ ಇಲ್ಲದಿದ್ದರೆ ಅವಳಿಗೆ ಅಂಗಡಿಯೇ ಇಲ್ಲ.

"ಮಾಮ, ವಾರಂಟಿಯೂ ಉಂಟು, ಇನ್ಶೂರೆನ್ಸೂ ಉಂಟು. ಇದು ಯಾವುದಕ್ಕೆ ಬರ್ತದೆ?" ಎಂದು ಎರಡೂ ಕಾಗದ ನನ್ನ ಕೈಗೆ ಕೊಟ್ಟಳು.

ನನ್ನ ಕನ್ನಡಕ ನಿನ್ನೆಯಿಂದ ಕಾಣುವುದಿಲ್ಲ. ಆದರೆ ನನಗೆ ಓದುವುದು ಎಂತಕ್ಕೆ, ಎಲ್ಲ ಬಾಯಿಪಾಠ. ಮಣಿಪಾಲದ ಪ್ರೊಫೆಸರುಗಳೇ ನನ್ನ ಮಾತು ಬರೆದುಕೊಂಡು ಹೋಗಿದ್ದಾರೆ. ಕಂಪನಿಯವನು ಉಡುಪಿಯಿಂದ ಬರುವವರೆಗೆ ಅವಳಿಗೆ ಪಾಠ ಶುರು ಮಾಡಿದೆ.

೧. ಹಲಸಿನ ಹಣ್ಣು

ಕಾರ್ಕಳದ ಒಬ್ಬರು ಮೇಷ್ಟ್ರು ವಾಷಿಂಗ್ ಮೆಷಿನನ್ನು ಮನೆ ಹಿಂದೆ ಹಲಸಿನ ಮರದ ಕೆಳಗೆ ಇಟ್ಟಿದ್ದರು. ಐವತ್ತು ಕಿಲೋದ ಹಣ್ಣು, ಮುಚ್ಚಳದ ಮೇಲೆಯೇ ಬಿತ್ತು. ಮೇಷ್ಟ್ರು ವಾರಂಟಿ ಕಾರ್ಡ್ ಹಿಡಿದು ಜಗಳಕ್ಕೆ ಹೊರಟರು.

ನಾನು ಹೇಳಿದೆ, "ಮೇಷ್ಟ್ರೇ, ಮೆಷಿನ್ ತಾನಾಗಿ ಕೆಟ್ಟರೆ ವಾರಂಟಿ. ಹೊರಗಿನದ್ದು ಬಂದು ಕೆಡಿಸಿದರೆ ಇನ್ಶೂರೆನ್ಸ್. ಈ ಹಲಸು ಕಂಪನಿಯವರು ಒಳಗೆ ಇಟ್ಟು ಕೊಟ್ಟದ್ದಾ?"

ಮೇಷ್ಟ್ರು ಮರದ ಕಡೆ ನೋಡಿದರು. "ಹಾಗಾದರೆ ಇದು ಈ ವರ್ಷ ಇನ್ನೂ ನಾಲ್ಕು ಬೀಳಿಸ್ತದೆ. ಪ್ರತಿ ಸಲ ಕೊಡ್ತಾರಾ?"

೨. ಆಯುಧ ಪೂಜೆ

ಉಡುಪಿಯ ಒಬ್ಬರು ಟೈಲರ್ ಹೊಸ ಇನ್ವರ್ಟರಿಗೆ ಆಯುಧ ಪೂಜೆ ಮಾಡಿದರು. ಹೂ ಹಾಕಿದರು, ಗಂಧ ಹಚ್ಚಿದರು, ಕಾಯಿ ಒಡೆದು ನೀರನ್ನು ಮೇಲಿಂದಲೇ ಬಿಟ್ಟರು. ಕಂಪನಿಯವನು ಸುಟ್ಟ ಬೋರ್ಡ್ ತೋರಿಸಿ, "ಒಳಗೆ ನೀರು ಹೋಗಿದೆ, ವಾರಂಟಿ ಇಲ್ಲ" ಎಂದ.

"ನೀರಲ್ಲ ಮಾರಾಯ, ತೀರ್ಥ" ಎಂದರು ಟೈಲರ್.

ನಾನು ಮೆಲ್ಲ ಕೇಳಿದೆ, "ಇನ್ಶೂರೆನ್ಸ್ ಮಾಡಿಸಿದ್ದೀರಾ?"

"ಮತ್ತೆ ಪೂಜೆ ಮಾಡಿದ್ದು ಎಂತಕ್ಕೆ?"

೩. ಉಪ್ಪು ಗಾಳಿ

ದುಬೈಯಿಂದ ಬಂದವರೊಬ್ಬರು ನಮ್ಮಲ್ಲೇ ಸಮುದ್ರಕ್ಕೆ ಮುಖ ಮಾಡಿ ಮನೆ ಕಟ್ಟಿಸಿದರು. ಎ.ಸಿ.ಗೆ ತುಕ್ಕು ಹಿಡಿಯಿತು. ವಾರಂಟಿಯವರು, "ಉಪ್ಪು ಹೊರಗಿನದ್ದು, ಇನ್ಶೂರೆನ್ಸಿಗೆ ಹೋಗಿ" ಎಂದರು. ಇನ್ಶೂರೆನ್ಸಿನವರು, "ಉಪ್ಪು ನಿಧಾನ ಬಂದದ್ದು. ನಾವು ಕೊಡುವುದು ಒಮ್ಮೆಲೇ ಆದದ್ದಕ್ಕೆ" ಎಂದರು.

ಆ ಪುಣ್ಯಾತ್ಮರು ನನ್ನಲ್ಲಿ ದಾರಿ ಕೇಳಿದರು. "ಮುಂದಿನ ಸಲ ಒಮ್ಮೆಲೇ ಬರಲಿಕ್ಕೆ ಸಮುದ್ರಕ್ಕೆ ಹೇಳಿ" ಎಂದೆ.

೪. ಸೀಲ್

"ಇದೆಲ್ಲದಕ್ಕಿಂತ ದೊಡ್ಡದು ಮೆಷಿನಿನ ಹಿಂದೆ ಕಂಪನಿಯವರು ಅಂಟಿಸಿದ ಸೀಲ್" ಎಂದೆ ಅವಳಿಗೆ. "ಅದನ್ನು ಹೊರಗಿನವರು ಹರಿದರೆ ವಾರಂಟಿ ಅಲ್ಲಿಗೇ ಮುಗೀತು. ನಲವತ್ತು ವರ್ಷದಲ್ಲಿ ನನ್ನ ಸ್ಕ್ರೂಡ್ರೈವರ್ ಒಂದೂ ಸೀಲ್ ಮುಟ್ಟಿದ್ದಿಲ್ಲ."

"ನಿನ್ನೆ ನಾನು ಹಾಲು ತರಲಿಕ್ಕೆ ಹೋದಾಗ ಬಿಚ್ಚಲಿಲ್ಲ ಅಲ್ವಾ ಮಾಮ?"

"ಬಿಚ್ಚುವುದಾ? ಎರಡೂ ಕೈ ಹಿಂದೆ ಕಟ್ಟಿ ನಿಂತು ಶಬ್ದ ಕೇಳಿದ್ದು, ಅಷ್ಟೇ."

ಅಷ್ಟರಲ್ಲಿ ಕಂಪನಿಯವನು ಬಂದ. ಫ್ರೀಜರಿನ ಹಿಂದೆ ಬಗ್ಗಿ, "ಸೀಲ್ ಹರಿದುಂಟಲ್ಲ" ಎಂದ.

ಅವಳ ಮುಖ ಬಾಡಿತು. ನಾನು, "ಇಲಿ ಇರಬೇಕು" ಎಂದೆ.

"ಇಲಿ ನಾಲ್ಕು ಸ್ಕ್ರೂ ಬಿಚ್ಚಿ, ಮೂರೇ ತಿರುಗಿ ಹಾಕ್ತದಾ?"

"ಬೀಚಿನ ಇಲಿಗಳು, ಹೇಳಲಿಕ್ಕಾಗುವುದಿಲ್ಲ."

ಅವನು ಕವರ್ ತೆಗೆದ. ಫ್ಯಾನಿನ ರೆಕ್ಕೆಗಳ ನಡುವೆ ಎಂತದೋ ಸಿಕ್ಕಿಕೊಂಡಿತ್ತು. ನೆರೆಮನೆಯವಳೇ ಕೈ ಹಾಕಿ ಎಳೆದಳು, ಶಾಲಿನಲ್ಲಿ ಚೆನ್ನಾಗಿ ಒರೆಸಿದಳು, ತಂದು ನನ್ನ ಮೂಗಿನ ಮೇಲೆ ಇಟ್ಟಳು. ಕನ್ನಡಕದ ಒಂದು ಕಾಲು ಮುರಿದಿತ್ತು. ಆದರೂ ಎಲ್ಲ ಸ್ಪಷ್ಟ ಕಾಣ್ತಿತ್ತು, ಮುಖ್ಯವಾಗಿ ಅವಳ ಮುಖ.

"ಈಗ ಕಾಗದ ಓದಿ ಹೇಳಿ ಮಾಮ" ಎಂದಳು. "ಇದು ತಾನಾಗಿ ಕೆಟ್ಟದ್ದಾ, ಹೊರಗಿನದ್ದು ಬಂದು ಕೆಡಿಸಿದ್ದಾ?"