ಬನಿಯನ್ ತುಂಡಿನ ಅಣ್ಣ

ನಮ್ಮಣ್ಣನಂಥ ವಿಚಿತ್ರ ಮನುಷ್ಯ ತುಡಿಯಲೂರಿನಲ್ಲೇ ಇನ್ನೊಬ್ಬನಿಲ್ಲ! ಅವನ ಪರವಾಗಿ ಒಂದು ಮಾತು ಆಡಬೇಕಾದ ದಿನ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇಕಾದರೆ ನಗಿ.

ಅಣ್ಣ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಕೆಲಸ ಬಿಟ್ಟರೂ, ಕತ್ತರಿಸಿ ಉಳಿದ ಬನಿಯನ್ ತುಂಡುಗಳನ್ನು ಬಿಡಲಿಲ್ಲ. ಕನ್ನಡಕ, ಸ್ಕೂಟರ್, ಬಾಳೆಎಲೆ, ಎಲ್ಲವನ್ನೂ ಒರೆಸಲು ಅದೇ! ಒಂದು ಮದುವೆಯಲ್ಲಿ ಗಂಡಿನ ಅಂಗಿಯ ತುದಿ ಹಿಡಿದು, ಕಣ್ಣು ಮುಚ್ಚಿ ಉಜ್ಜಿ, "ಅರ್ಧ ಪಾಲಿಯೆಸ್ಟರ್. ಈ ಸಂಬಂಧ ಯೋಚ್ನೆ ಮಾಡ್ಬೇಕು" ಅಂದ. ತಾಳಿ ಕಟ್ಟಿಯಾಗಿತ್ತು!

ನಾನು ಐದನೇ ಕ್ಲಾಸಿಗೇ ಓದು ಬಿಟ್ಟವಳು, ಅವನ ಮನೆಯ ಮಹಡಿಯಲ್ಲಿರುವವಳು. ನನ್ನ ಸೊಸೆ ಮಗುವನ್ನು ಒರೆಸಲೆಂದು ತಂದ ವೆಟ್ ವೈಪ್ಸ್ ನನಗೆ ರುಚಿ ಹತ್ತಿತು. ಕಾಗದ ತಾನೇ, ಕರಗುತ್ತದೆ ಎಂದು ಒರೆಸಿದ್ದನ್ನೆಲ್ಲ ಕಕ್ಕಸಿಗೆ ಹಾಕಿ ನೀರು ಬಿಟ್ಟೆ.

ಒಂದು ಬೆಳಗ್ಗೆ ಮೂರು ಮನೆಯ ಕೊಳಚೆ ಪಕ್ಕದ ಮನೆಯ ರಂಗೋಲಿಯ ಮೇಲೆ ಹರಿಯಿತು. ಪೈಪು ಕಟ್ಟಿಕೊಂಡು ಒಡೆದಿತ್ತು. ಅಗೆದವರು ನನ್ನ ಜಡೆಗಿಂತ ದಪ್ಪನೆಯ ಬಿಳಿ ಜಡೆಯೊಂದನ್ನು ಎಳೆದು ಹಾಕಿದರು. ನನ್ನ ವೈಪ್ಸೇ!

"ಯಾರು ಪೋಟ್ಟಾಂಗಳೋ ಅವಂಗಳೇ ಕಾಸು ಕುಡುಕ್ಕೋಣುಂಗ!" ಪಕ್ಕದ ಮನೆಯಕ್ಕ ತಮಿಳಿನಲ್ಲಿ ಕೂಗಿದರು. ಹಾಕಿದವರೇ ಕಾಸು ಕೊಡಬೇಕಂತೆ! ನ್ಯಾಯವೇ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ಎಲ್ಲರೂ ನಾತಕ್ಕೆ ಅಂದುಕೊಂಡರು.

ಅಣ್ಣ ಆ ಜಡೆಯಿಂದ ಒಂದು ಎಳೆ ಕಿತ್ತು, ಕಣ್ಣು ಮುಚ್ಚಿ ಉಜ್ಜಿ, ಎಳೆದು ನೋಡಿದ.

"ಬನಿಯನ್ ತುಂಡು. ನಂದೇ."

ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ! ಅಣ್ಣ ಪೂರ್ತಿ ಖರ್ಚು ಕೊಟ್ಟ. ಮೇಲಾಗಿ ತನ್ನ ತುಂಡುಗಳ ಮೂಟೆಯನ್ನೂ ಕಸದ ಗಾಡಿಗೆ ಹಾಕಿದ.

ಮರುದಿನ ಒಂದು ಪೊಟ್ಟಣ ವೈಪ್ಸನ್ನು ಸೆರಗಿನಡಿ ಮುಚ್ಚಿಕೊಂಡು ಕೆಳಗಿಳಿದೆ. ಅಣ್ಣ ಊಟ ಮುಗಿಸಿ ಕೈ ತೊಳೆದು, ಎಂದಿನಂತೆ ಗೋಡೆಯ ಮೊಳೆಯತ್ತ ಚಾಚಿದ. ಅಲ್ಲಿ ಬನಿಯನ್ ತುಂಡಿರಲಿಲ್ಲ. ಒದ್ದೆ ಕೈ ಗಾಳಿಯಲ್ಲೇ ನಿಂತಿತು. ನಾನು ಪೊಟ್ಟಣ ಹೊರಗೆ ತೆಗೆದೆ.

"ಗೊತ್ತು ಅಮ್ಮಣಿ," ಎಂದ. "ಬನಿಯನ್ ಎಳೆದ್ರೆ ಹಿಗ್ಗುತ್ತೆ. ಅದು ಹಿಗ್ಗಲಿಲ್ಲ."

"ಮತ್ತೆ ನಂದು ಅಂದ್ಯಲ್ಲಣ್ಣ?"

"ಆ ಅಕ್ಕ ನಿನ್ನ ಸುಮ್ನೆ ಬಿಡ್ತಿದ್ರಾ? ನನ್ನ ಹುಚ್ಚ ಅಂದ್ರೆ ಹೊಸದೇನು!"

ಅವನ ಒದ್ದೆ ಕೈಯನ್ನು ನನ್ನ ಸೆರಗಿನಲ್ಲಿ ಒರೆಸಿದೆ. ಆಮೇಲೆ ಬಾಗಿಲು ತೆರೆದು, ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದೆ:

"ನಾನೇ ಹಾಕಿದ್ದು ಅಣ್ಣ. ತಪ್ಪಾಯ್ತು. ಮನ್ನಿಸಿಬಿಡು."