ಅವನಿಗೆ ಹೇಳು, ಅವಳಿಗೆ ಹೇಳು

ಕೆಲವು ಮನೆಗಳಲ್ಲಿ ಜಗಳವಾದರೆ ಪಾತ್ರೆಗಳು ಬೀಳುತ್ತವೆ. ನಮ್ಮ ಮನೆಯಲ್ಲಿ ಮಾತು ನಿಲ್ಲುತ್ತದೆ. ಅಕ್ಕ, ಅಣ್ಣ ಟೂ ಬಿಟ್ಟಾಗಲೆಲ್ಲ ಸುದ್ದಿ ಹೊರುವ ಕೆಲಸ ಕೊನೆಯವಳಾದ ನನ್ನದು. ಅರವತ್ತು ಹತ್ತಿರವಾದರೂ ಅದರಿಂದ ನಿವೃತ್ತಿ ಸಿಕ್ಕಿಲ್ಲ.

ಕಣದಲ್ಲಿ

ಅಪ್ಪ ಪಾಲಿಬೆಟ್ಟದ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ, ಶಾಲೆಗೆ ರಜೆಯಿದ್ದರೆ, ಕಣದಲ್ಲಿ ಒಣಗುವ ಕಾಫಿ ಕಾಯುವುದು ನಮ್ಮ ಪಾಲಿಗೆ. ಒಂದು ಭಾನುವಾರ ಇಬ್ಬರಿಗೂ ಟೂ. ಕಾರಣ ಈಗ ಯಾರಿಗೂ ನೆನಪಿಲ್ಲ. ಇದ್ದಕ್ಕಿದ್ದಂತೆ ಮೋಡ ಕವಿಯಿತು. ಟಾರ್ಪಾಲು ಎಳೆಯಲು ಎರಡು ಕಡೆಯೂ ಜನ ಬೇಕು.

“ಪುಟ್ಟೀ, ಆ ತುದಿ ಹಿಡಿಯೋಕೆ ಹೇಳೇ ಅವನಿಗೆ,” ಅಂದಳು ಅಕ್ಕ.

ಓಡಿದೆ. “ಮೊದ್ಲು ಅವಳು ಎತ್ತಲಿ ಅನ್ನು,” ಅಂದ ಅಣ್ಣ.

ವಾಪಸ್ ಓಡಿದೆ. “ಅವನೇನು ಎಸ್ಟೇಟ್ ಸಾಹುಕಾರನಾ, ಕೇಳು!”

ಅದನ್ನು ಕೇಳುವಷ್ಟರಲ್ಲಿ ಕಾಫಿಯೆಲ್ಲ ತೊಯ್ದಿತ್ತು. ಯಾರ ತಪ್ಪು ಎಂದು ಅಪ್ಪ ಗದರಿದಾಗ ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು: “ಇವಳು ನಿಧಾನಕ್ಕೆ ಓಡಿದ್ಲು.”

ಶಾಲೆಯ ದಾರಿ

ಮಳೆಗಾಲದಲ್ಲಿ ತೋಟದ ಕಾಲುದಾರಿಯಲ್ಲಿ ಅಕ್ಕ ಯಾವಾಗಲೂ ಮುಂದೆ. “ಆನೆ ಬಂದ್ರೆ ಮೊದ್ಲು ನನ್ನನ್ನ ತುಳೀಲಿ. ನೀವು ಚಿಕ್ಕವರು, ಬದುಕ್ಕೊಳ್ಳಿ,” ಎನ್ನುತ್ತಿದ್ದಳು. ನಮಗೆ ಕಣ್ಣಲ್ಲಿ ನೀರು ಬರುತ್ತಿತ್ತು.

ಒಂದು ದಿನ ಕೂಲಿಯವರ ಲೈನಿನ ಅಜ್ಜಿಯೊಬ್ಬಳು ಅಣ್ಣನಿಗೆ ನಿಜ ಹೇಳಿದಳು. ಮುಂದೆ ಹೋದವರ ಹೆಜ್ಜೆಗೆ ಜಿಗಣೆಗಳು ಏಳುತ್ತವೆ, ಹತ್ತುವುದು ಹಿಂದೆ ಬರುವವರ ಕಾಲಿಗೆ. ಮರುದಿನದಿಂದ ಅಣ್ಣನೂ ಆನೆಯಿಂದ ತುಳಿಸಿಕೊಳ್ಳಲು ಸಿದ್ಧನಾದ. ಇಬ್ಬರೂ ತ್ಯಾಗಕ್ಕೆ ಪೈಪೋಟಿ ಬಿದ್ದು ಓಡಿದ್ದರಿಂದ ಆ ವರ್ಷ ನಮಗೆ ಶಾಲೆಗೆ ತಡವಾಗಲೇ ಇಲ್ಲ. ಜಿಗಣೆಗಳಿಗೂ ಅನುಕೂಲವಾಯಿತು, ಎಲ್ಲವಕ್ಕೂ ನನ್ನ ಕಾಲೇ ಸಾಕಾಯಿತು.

ಸೋದರಮಾವ

ಅಕ್ಕ ಮದುವೆಯಾಗಿ ಮೂರ್ನಾಡಿಗೆ ಹೋದಳು, ಅಣ್ಣ ಕುಶಾಲನಗರದಲ್ಲಿ ಮನೆ ಕಟ್ಟಿದ. ಟೂ ಬಿಡುವ ವಯಸ್ಸು ದಾಟಿತೆಂದು ನಾನು ನಂಬಿದ್ದೆ.

ಅಕ್ಕನ ಮಗಳ ಮದುವೆ ಬಂತು. ನಮ್ಮಲ್ಲಿ ಒಡಹುಟ್ಟಿದವರನ್ನು ಮನೆಗೇ ಹೋಗಿ, ಕುಂಕುಮವಿಟ್ಟು ಕರೆಯಬೇಕು. ಅಕ್ಕ ಗಡಿಬಿಡಿಯಲ್ಲಿ ಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿದಳು.

“ನಮ್ಮ ಹಾಲಿನವನಿಗೂ ಇದೇ ಬಂದಿದೆ,” ಅಂದ ಅಣ್ಣ.

ಮದುವೆಯ ಬೆಳಿಗ್ಗೆ ಅವನು ಪಂಚೆ ಉಟ್ಟು, ಕೋಟು ಹಾಕಿ, ತನ್ನ ಮನೆಯ ಜಗಲಿಯಲ್ಲೇ ಕೂತಿದ್ದ. ಯಾರಾದರೂ ಬಂದು ಕರೆದರೆ ಹೊರಡಲು ಕಾರೂ ತಿರುಗಿಸಿಟ್ಟಿದ್ದ. ಇಲ್ಲಿ ಅಕ್ಕ ಛತ್ರದ ಬಾಗಿಲಲ್ಲಿ ನಿಂತು, “ಕರೆದಾಗಿದೆಯಲ್ಲೇ, ಬರ್ತಾನೆ ಬಿಡು,” ಎನ್ನುತ್ತಿದ್ದಳು. ನಾನು ಫೋನು ಹಿಡಿದು ಇಬ್ಬರ ಮಾತನ್ನೂ ದಾಟಿಸುತ್ತಿದ್ದೆ. ಮುಹೂರ್ತಕ್ಕೆ ಫೋನು ಬೇಕಿರಲಿಲ್ಲ, ಅದು ಸುಮ್ಮನೆ ದಾಟಿತು.

ಆಲ್ಬಮ್ಮಿನಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುತ್ತಿರುವ ಸೋದರಮಾವ ಛತ್ರದ ಮ್ಯಾನೇಜರ್. ಫೋಟೋ ಚೆನ್ನಾಗಿಯೇ ಬಂದಿದೆ.

ಮೊನ್ನೆ

ಆಮೇಲೆ ವರ್ಷಗಟ್ಟಲೆ ಮಾತಿಲ್ಲ. ಈ ಮಧ್ಯೆ ಅಕ್ಕನ ಕಿವಿ ಹೋಯಿತು. ಕಿವಿಗೆ ಹಾಕುವ ಮಿಷನ್ನು ಕುಯ್ ಎನ್ನುತ್ತದೆಂದು ಬೀರುವಿನಲ್ಲಿಟ್ಟಿದ್ದಾಳೆ. ಅಣ್ಣನಿಗೆ ಹೇಳಿದರೆ, “ನನ್ನ ಮಾತಿಗೆ ಅವಳು ಯಾವತ್ತೂ ಕಿವುಡೇ,” ಅಂದ.

ಮೊನ್ನೆ ತಾನಾಗಿಯೇ, “ನಡಿ ಪುಟ್ಟಿ, ಅಕ್ಕನ ಹತ್ರ ಹೋಗೋಣ. ಇನ್ನೆಷ್ಟು ದಿನ ಇರ್ತೀವಿ?” ಅಂದ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಅಭ್ಯಾಸ ಮಾಡಿದ. ನನ್ನನ್ನು ಬಾಯಿ ಮುಚ್ಚಿಕೊಂಡಿರಲು ಹೇಳಿದ. ಇದನ್ನು ಅವನೇ ಹೇಳಬೇಕಂತೆ.

ಅಕ್ಕನ ಎದುರು ನಿಂತು ಮೆಲ್ಲಗೆ, “ಅಕ್ಕಾ, ತಪ್ಪಾಯ್ತು,” ಅಂದ. ಅಕ್ಕ ಸುಮ್ಮನೆ ನೋಡಿದಳು. ಇನ್ನೂ ಜೋರಾಗಿ ಹೇಳಿದ. ಅವಳು ಹುಬ್ಬು ಗಂಟಿಕ್ಕಿದಳು. ಕೊನೆಗೆ ಮುಖ ಕೆಂಪಗೆ ಮಾಡಿಕೊಂಡು, ಕತ್ತಿನ ನರ ಉಬ್ಬಿಸಿ, ಎರಡೂ ಕೈ ಬೀಸಿ ಕಿರುಚಿದ: “ತಪ್ಪಾಯ್ತು ಕಣೇ! ಮದುವೆಗೆ ಬರಬೇಕಿತ್ತು ನಾನು!” ಪಕ್ಕದ ಮನೆಯವರು ಹೊರಗೆ ಬಂದರು.

ಅಕ್ಕನ ಕಣ್ಣು ತುಂಬಿತು. ನನ್ನ ಕಡೆ ತಿರುಗಿದಳು.

“ನೋಡೇ ಪುಟ್ಟೀ, ಇಷ್ಟು ವರ್ಷ ಆದ್ಮೇಲೂ ಜಗಳಕ್ಕೇ ಬಂದಿದ್ದಾನೆ. ಬಂದದ್ದು ಬಂದ, ಊಟ ಮಾಡ್ಕೊಂಡು ಬೈಯೋಕೆ ಹೇಳು.”